ಉರಿ ಮಾಸ್ಟರ ಹೊಟ್ಟೆ

ನನ್ನ ಬೆನ್ನ ಹಿಂದೆ ಜನ ನನ್ನನ್ನು ಉರಿ ಮಾಸ್ಟರು ಅನ್ನುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಕೋಟಿನ ಅಳತೆ ತೆಗೆಯಲು ಟೇಪು ಹಿಡಿದು ಒಬ್ಬನ ಕಂಕುಳ ಹತ್ತಿರ ಬಗ್ಗಿ ನಿಂತಾಗ, ಅವನು ಪಕ್ಕದವನ ಹತ್ತಿರ ಆಡುವ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ದರ್ಜಿಗೂ ಕಿವಿ ಇದೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಹೆಸರೇನೋ ಸುಳ್ಳಲ್ಲ. ಎದುರು ಸಾಲಿನ ಅಂಗಡಿಯವನು ಗಾಜಿನ ಬಾಗಿಲು ಹಾಕಿಸಿದಾಗ ನನಗೆ ಊಟ ಸೇರಲಿಲ್ಲ. ಆ ಬಾಗಿಲಿಗೆ ಒಬ್ಬ ಗಿರಾಕಿ ಮೂಗು ಜಜ್ಜಿಕೊಂಡ ಅಂತ ಕೇಳಿದ ದಿನ ಮತ್ತೆ ಮತ್ತೆ ಬಡಿಸಿಕೊಂಡು ಉಂಡೆ. ನಾನಿರುವುದೇ ಹೀಗೆ. ಇದಕ್ಕೆಲ್ಲ ನಾಚಿಕೆ ಪಡುವ ಆಸಾಮಿ ನಾನಲ್ಲ.

ಅಂಗಡಿಯಲ್ಲಿ ಇರುವುದು ನಾನು ಮತ್ತು ನನ್ನ ತಮ್ಮ. ನಾನು ಕತ್ತರಿಸುವವನು, ಅವನು ಹೊಲಿಯುವವನು. ಅದರಲ್ಲೇನು ದೊಡ್ಡ ವ್ಯತ್ಯಾಸ ಅಂತ ಹೊರಗಿನವರಿಗೆ ಅನ್ನಿಸಬಹುದು. ನಮ್ಮ ಕಸುಬಿನಲ್ಲಿ ಕತ್ತರಿಸುವವನು ಮಾಸ್ಟರು, ಹೊಲಿಯುವವನು ಬರೀ ಕೆಲಸದವನು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿ ತಪ್ಪಿದರೆ ಬಟ್ಟೆಯೂ ಹೋಯಿತು, ಗಿರಾಕಿಯೂ ಹೋದ. ಕಿಟಕಿ ಪಕ್ಕದ ದೊಡ್ಡ ಮೇಜು ನನ್ನದು, ಅದರ ಮೇಲಿನ ಉದ್ದ ಕತ್ತರಿ ನನ್ನದು. ತಮ್ಮನಿಗೆ ಮೀಸೆ ಬಂತು, ಮೀಸೆ ನರೆಯಿತು, ಆ ಕತ್ತರಿಯನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಅವನು ಹೊಲಿದು ಮುಗಿಸಿದ ಕೋಟನ್ನು ಹ್ಯಾಂಗರಿಗೆ ಹಾಕಿ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ, ಅಣ್ಣ ಏನಾದರೂ ಅಂದಾನು ಅಂತ. ನಾನು ಹುಡುಕಿ ಹುಡುಕಿ ಒಂದು ಬಿಟ್ಟುಹೋದ ದಾರದ ತುಂಡು ತೆಗೆದು ಅವನ ಕೈಗೆ ಕೊಡುತ್ತಿದ್ದೆ. ಚೆನ್ನಾಗಿದೆ ಅಂತ ಒಂದು ದಿನವೂ ಅನ್ನಲಿಲ್ಲ. ಚೆನ್ನಾಗಿಯೇ ಇರುತ್ತಿತ್ತು, ತೊಂದರೆ ಅದೇ.

ಹೀಗಿರುವಾಗ ನನ್ನ ಹೊಟ್ಟೆಯೊಳಗೆ ಒಂದು ಗಡ್ಡೆ ಸಿಕ್ಕಿತು. ಆಪರೇಷನ್ ಮಾಡುವ ಡಾಕ್ಟರಮ್ಮ ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಜಠರದ ಕೆಳಭಾಗವನ್ನು ಕತ್ತರಿಸಿ ತೆಗೆಯುವುದು, ಉಳಿದದ್ದನ್ನು ಕರುಳಿಗೆ ಸೇರಿಸಿ ಹೊಲಿಯುವುದು. ನನ್ನ ಕಣ್ಣಿಗೆ ಅದು ಸೊಂಟ ಇಳಿಸಿದ ಪ್ಯಾಂಟಿನ ಹಾಗೆ ಕಂಡಿತು. ಕತ್ತರಿಸುವವರೂ ನೀವೇ, ಹೊಲಿಯುವವರೂ ನೀವೇನಾ ಅಂತ ಕೇಳಿದೆ. ಹೌದು ಅಂದರು. ಅವರನ್ನು ಕಂಡೂ ಸ್ವಲ್ಪ ಉರಿಯಿತು.

ಎಚ್ಚರವಾದಾಗ ಮೂಗಿನಿಂದ ಒಂದು ಕೊಳವೆ ಒಳಗೆ ಹೋಗಿತ್ತು, ಹೊಟ್ಟೆಯ ಎಡಗಡೆ ಚರ್ಮವನ್ನು ತೂರಿ ಇನ್ನೊಂದು. ಮೂಗಿನದು ಒಳಗಿರುವುದನ್ನು ಹೊರಗೆ ತೆಗೆಯಲಿಕ್ಕೆ, ಹೊಟ್ಟೆಯದು ಹೊರಗಿರುವುದನ್ನು ಒಳಗೆ ಹಾಕಲಿಕ್ಕೆ. ಈ ಎರಡನೆಯದು ಬಲು ಸಣ್ಣ ಕೊಳವೆ, ಸೀದಾ ಕರುಳಿನೊಳಗೆ ಇಳಿದಿತ್ತು; ಅದು ಜಾರದ ಹಾಗೆ ಚರ್ಮಕ್ಕೆ ಒಂದು ಹೊಲಿಗೆ ಹಾಕಿದ್ದರು. ಮಾರನೆಯ ದಿನವೇ ಅದಕ್ಕೊಂದು ಯಂತ್ರ ಜೋಡಿಸಿದರು. ಬಿಳಿಯ ದ್ರವ ತೊಟ್ಟು ತೊಟ್ಟಾಗಿ ನನ್ನೊಳಗೆ ಹೋಗತೊಡಗಿತು.

ನನ್ನ ಹೆಂಡತಿಗೆ ಗಾಬರಿ. ಹೊಟ್ಟೆ ಕೊಯ್ದವರಿಗೆ ಹೊಲಿಗೆ ಒಣಗುವ ಮುಂಚೆಯೇ ಯಾರಾದರೂ ಊಟ ಕೊಡುತ್ತಾರಾ ಅಂತ ಡಾಕ್ಟರಮ್ಮನನ್ನು ಅಡ್ಡಹಾಕಿ ಕೇಳಿದಳು. ಅವರು ಬೇಸರ ಮಾಡಿಕೊಳ್ಳದೆ ಹೇಳಿದರು. ಹಿಂದೆ ಹಾಗೇ ಇತ್ತಂತೆ, ದಿನಗಟ್ಟಲೆ ಉಪವಾಸ ಕೆಡವುತ್ತಿದ್ದರಂತೆ. ಜಠರ ಮಂಕಾಗಿ ಮಲಗಿದ್ದರೂ ಕರುಳು ಬೇಗ ಎಚ್ಚರಾಗುತ್ತದೆ. ಅದನ್ನು ಖಾಲಿ ಬಿಟ್ಟರೆ ಸೊರಗುತ್ತದೆ. ಹೊಸ ಹೊಲಿಗೆ ಇರುವುದು ಮೇಲೆ, ಈ ಕೊಳವೆಯ ಬಾಯಿ ಇರುವುದು ಅದಕ್ಕಿಂತ ಎಷ್ಟೋ ಕೆಳಗೆ. ಸಾವಕಾಶವಾಗಿ ಶುರು ಮಾಡಿ ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿಸಿದರೆ ಬಹಳ ಮಂದಿಗೆ ಹಿಡಿಸುತ್ತದೆ. ಇಷ್ಟು ಹೇಳಿ, ಕೊಳವೆಯ ಮೇಲಿದ್ದ, ಒತ್ತಿದರೆ ಊಟ ನಿಲ್ಲುವ ನೀಲಿ ಕ್ಲಿಪ್ಪನ್ನು ಹೆಂಡತಿಗೂ ತಮ್ಮನಿಗೂ ಮುಟ್ಟಿಸಿದರು.

"ಎಷ್ಟು ಹೋಗ್ತಿದೆ ಅಂತ ಯಂತ್ರ ಹೇಳುತ್ತೆ. ಹೊಟ್ಟೆಗೆ ಹಿಡಿಸ್ತಿದೆಯಾ ಅಂತ ಇವರ ಬಾಯೇ ಹೇಳ್ಬೇಕು. ಹೊಟ್ಟೆ ಬಗ್ಗೆ ಇವರು ಏನೇ ಅಂದ್ರೂ ಮೊದಲು ಈ ಕ್ಲಿಪ್ ಒತ್ತಿ, ಆಮೇಲೆ ನಮ್ಮನ್ನ ಕರೀರಿ. ಏನೇ ಅಂದ್ರೂ."

ನನಗೆ ಚೆನ್ನಾಗಿ ಹಿಡಿಸಿತು. ಪಕ್ಕದ ಹಾಸಿಗೆಯಲ್ಲೊಬ್ಬ ಬಸ್ ಕಂಡಕ್ಟರ್ ಇದ್ದ, ಅವನಿಗೂ ಹೊಟ್ಟೆಯದೇ ಆಪರೇಷನ್, ಅವನಿಗೂ ಇದೇ ಬಿಳಿ ಊಟ. ಅವನ ಹೊಟ್ಟೆ ಉಬ್ಬಿಕೊಂಡು ಯಂತ್ರ ನಿಲ್ಲಿಸಬೇಕಾಯಿತು. ನನ್ನದರ ವೇಗ ಹೆಚ್ಚಿಸಿದರು. ಆಪರೇಷನ್ ಆದಮೇಲೆ ನನಗೆ ಮೊದಲ ಸಲ ಖುಷಿಯಾದದ್ದು ಆವಾಗ. ನೋಡಲು ಬಂದವರು ಬಾಯಿ ತಪ್ಪಿ "ಊಟ ಆಯ್ತಾ" ಅಂತ ಕೇಳಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ನಾನು ಯಂತ್ರದ ಕಡೆ ಕೈ ತೋರಿಸಿ ಆಗ್ತಾ ಇದೆ ಅನ್ನುತ್ತಿದ್ದೆ. ಕಂಡಕ್ಟರಿಗೆ ಕೇಳಿಸಲಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಅನ್ನುತ್ತಿದ್ದೆ.

ಅನಾಹುತ ಆದದ್ದು ಅದರ ಮುಂದಿನ ದಿನ. ಬೆಳಗ್ಗೆ ನನ್ನನ್ನು ಎಬ್ಬಿಸಿ, ಎರಡೂ ಕಡೆ ಹಿಡಿದುಕೊಂಡು ವರಾಂಡದಲ್ಲಿ ನಡೆಸಿದರು. ವಾಪಸು ಮಲಗಿಸುವಾಗ ಎಡಪಕ್ಕದಲ್ಲಿ ಚುರುಕ್ ಅಂತ ಏನೋ ಜಗ್ಗಿದ ಹಾಗಾಯಿತು. ಆಪರೇಷನ್ ಆದವನಿಗೆ ಜಗ್ಗುವುದೇನು ಹೊಸದಲ್ಲ ಅಂತ ಸುಮ್ಮನಾದೆ. ಮಧ್ಯಾಹ್ನ, ನೋಡಲು ಬಿಡುವ ಹೊತ್ತಿಗೆ, ತಮ್ಮ ಬಂದ. ಹೆಂಡತಿ ಅಲ್ಲೇ ಸ್ಟೂಲಿನ ಮೇಲಿದ್ದಳು.

ತಮ್ಮನಿಗೆ ಬಟ್ಟೆಯಲ್ಲಿ ಸುಕ್ಕು ಕಂಡರೆ ಆಗದು. ಬಂದವನೇ ನನ್ನ ಹೊದಿಕೆ ಎಳೆದು ಸರಿ ಮಾಡಿದ. ಕರೆಯುವ ಗಂಟೆಯ ವಯರು ಹಾಸಿಗೆಯ ಮೇಲೆ ಅಡ್ಡಾದಿಡ್ಡಿ ಬಿದ್ದಿತ್ತು, ಅದನ್ನು ನೀಟಾಗಿ ಸುತ್ತಿ ನನ್ನ ತಲೆ ಹಿಂದಿನ ಮೊಳೆಗೆ ಹಾಕಿದ. ಅಂಗಿಯ ಅಂಚು ಎತ್ತಿ ಕೊಳವೆ ಇರುವ ಜಾಗ ನೋಡಿದ. ನೋಡುವುದಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ನೋಡಿದ. ಆಮೇಲೆ ಅಂಗಿ ಇಳಿಸಿ, ಮೆಲ್ಲಗೆ ತಟ್ಟಿ, ಜೇಬಿನಿಂದ ಫೋನು ತೆಗೆದ.

ಹೇಳಿದ ಸುದ್ದಿ ಇದು. ನಮ್ಮ ಹಳೇ ಗಿರಾಕಿ, ದೊಡ್ಡ ವಕೀಲರೊಬ್ಬರು ಅಂಗಡಿಗೆ ಬಂದಿದ್ದರಂತೆ. ಅಣ್ಣ ಆಸ್ಪತ್ರೆಯಲ್ಲಿದ್ದಾನೆ ಅಂತ ಇವನು ಅಂದನಂತೆ. ಕೋಟು ತುರ್ತು ಬೇಕು, ಹಾಗಾದರೆ ನೀನೇ ಕತ್ತರಿಸು ಅಂದರಂತೆ. ಇವನು ಕತ್ತರಿಸಿದನಂತೆ. ನನ್ನ ಮೇಜಿನ ಮೇಲೆ, ನನ್ನ ಕತ್ತರಿಯಲ್ಲಿ.

ಆ ವಕೀಲರ ಬಲಭುಜ ಎಡಭುಜಕ್ಕಿಂತ ಇಳಿದಿದೆ. ಅದು ಗೊತ್ತಿರುವುದು ಅವರ ಮನೆಯವರಿಗೆ ಮತ್ತು ನನಗೆ. ಕೋಟು ತೊಟ್ಟರೆ ಮೂರನೆಯವರಿಗೆ ಗೊತ್ತಾಗದ ಹಾಗೆ ಕತ್ತರಿಸುವುದು ನನ್ನ ಕೈಯ ಗುಟ್ಟು, ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಮ್ಮ ಫೋನನ್ನು ನನ್ನ ಮೂಗಿಗೆ ಹಿಡಿದ. ಹೊಸ ಕೋಟು ತೊಟ್ಟ ವಕೀಲರು ನಗುತ್ತ ನಿಂತಿದ್ದರು. ಎರಡು ಭುಜವೂ ಒಂದೇ ಸಮ. ಚಿತ್ರವನ್ನು ದೊಡ್ಡದು ಮಾಡಿ ಕಾಲರಿನ ಕೆಳಗೆ, ಕಂಕುಳಲ್ಲಿ, ಬೆನ್ನಿನಲ್ಲಿ ಒಂದು ಸುಕ್ಕಿಗಾಗಿ ಹುಡುಕಿದೆ. ಸಿಗಲಿಲ್ಲ.

ಆಗ ಹೊಟ್ಟೆ ಉರಿಯತೊಡಗಿತು.

ಮೊದಲು ನನಗೇ ಅನುಮಾನ ಬಂತು, ಇದು ನನ್ನ ಮಾಮೂಲಿ ಉರಿಯೇ ಇರಬೇಕು ಅಂತ. ಆದರೆ ನನ್ನ ಉರಿಯ ದಾರಿ ನನಗೆ ಗೊತ್ತು. ಅದು ಎದೆಗೂಡಿನಲ್ಲಿ ಹುಟ್ಟಿ ಮೇಲಕ್ಕೆ ಹೋಗುತ್ತದೆ, ಕಿವಿ ಬಿಸಿಯಾಗುತ್ತದೆ. ಅದೂ ಆಗಿತ್ತು. ಈ ಇನ್ನೊಂದು ಮಾತ್ರ ಕೊಳವೆಯ ಪಕ್ಕದಲ್ಲಿ ಹೊತ್ತಿಕೊಂಡು ಕೆಳಕ್ಕೆ, ಅಡ್ಡಕ್ಕೆ ಹರಡುತ್ತಿತ್ತು, ಒಳಗೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತ ಹಾಗೆ. ಮೂಗಿನ ಕೊಳವೆಯಿಂದ ಗಂಟಲು ಕಟ್ಟಿತ್ತು, ಉದ್ದ ಮಾತು ಹೊರಡುತ್ತಿರಲಿಲ್ಲ. ಇದ್ದ ದನಿಯಲ್ಲಿ ಹೇಳಿದೆ.

"ಹೊಟ್ಟೆ ಉರೀತಿದೆ."

ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಭುಜ ಕುಲುಕುತ್ತಿತ್ತು. ಅತ್ತಿದ್ದಲ್ಲ, ನಕ್ಕಿದ್ದು. ತಮ್ಮನೂ ನಕ್ಕ. ಪಕ್ಕದ ಹಾಸಿಗೆಯ ಕಂಡಕ್ಟರ್ ಎರಡೂ ಕೈಯಿಂದ ತನ್ನ ಹೊಲಿಗೆಯನ್ನು ಒತ್ತಿ ಹಿಡಿದುಕೊಂಡು, ಅಯ್ಯೋ ನಗಿಸಬೇಡಿ ಅಂತ ಬೇಡಿಕೊಳ್ಳುತ್ತಲೇ ನಕ್ಕ. ಇಷ್ಟು ವರ್ಷ ಊರೆಲ್ಲ ಹಿಂದಿನಿಂದ ಆಡಿಕೊಂಡದ್ದನ್ನು ಉರಿ ಮಾಸ್ಟರೇ ಬಾಯಿಬಿಟ್ಟು ಒಪ್ಪಿಕೊಂಡನಲ್ಲ, ಅದಕ್ಕಿಂತ ತಮಾಷೆ ಅವರಿಗೆ ಇನ್ನೇನು ಬೇಕಿತ್ತು.

ನಿಜವಾಗಲೂ ಉರೀತಿದೆ ಅಂದೆ.

"ನಿಜ ಅಂತ ಗೊತ್ತು ರೀ," ಅಂದಳು ಹೆಂಡತಿ ಕಣ್ಣೊರೆಸಿಕೊಳ್ಳುತ್ತ. "ನಿಮಗೆ ಯಾವತ್ತು ಸುಳ್ಳುಸುಳ್ಳೇ ಉರಿದಿದೆ?"

ನೋವಾಗ್ತಿದೆ ಅಂದೆ. ಆಗದೆ ಇರುತ್ತದೆಯೇ ಪಾಪ, ಅಂದಳು. ಅಷ್ಟು ಹೊತ್ತಿಗೆ ನರ್ಸ್ ಯಂತ್ರ ನೋಡಲು ಬಂದಳು. ಇಲ್ಲಿ ಬದುಕಿಕೊಂಡೆ ಅಂದುಕೊಂಡು ಅವಳ ಕೈ ಹಿಡಿದೆ. ನಾನು ಬಾಯಿ ತೆರೆಯುವ ಮುಂಚೆಯೇ ಹೆಂಡತಿ ವರದಿ ಒಪ್ಪಿಸಿದಳು. ಇವರ ಮೈದುನ... ಅಲ್ಲಲ್ಲ, ನನ್ನ ಮೈದುನ ಕೋಟು ಕತ್ತರಿಸಿದನಂತೆ ಸಿಸ್ಟರ್, ಅದಕ್ಕೆ ಇವರಿಗೆ ಹೊಟ್ಟೆ ಉರಿಯುತ್ತಿದೆಯಂತೆ. ನಗುವಿನಲ್ಲಿ ಅವಳಿಗೆ ಸಂಬಂಧಗಳೇ ತಪ್ಪಿಹೋಗಿದ್ದವು. ಆ ಉರಿಗೆ ನಮ್ಮ ಹತ್ತಿರ ಔಷಧಿ ಇಲ್ಲಪ್ಪ ಅಂತ ನರ್ಸ್ ನನ್ನ ಕೈಯನ್ನು ಬಿಡಿಸಿ ಹೊದಿಕೆಯೊಳಗಿಟ್ಟಳು. ವೇಗ ಹೆಚ್ಚಿಸುವ ಹೊತ್ತಾಗಿತ್ತು. ಗುಂಡಿ ಒತ್ತಿ, ಸಂಖ್ಯೆ ಏರಿಸಿ, ನಗುನಗುತ್ತ ಹೊರಟುಹೋದಳು.

ಗಂಟೆಗಾಗಿ ಕೈಯಾಡಿಸಿದೆ. ಅದು ಮೊಳೆಯ ಮೇಲಿತ್ತು. ಕ್ಲಿಪ್ ಒತ್ತೋಣ ಅಂದರೆ ಎಡಗೈಯಲ್ಲಿ ಸೂಜಿ ಇತ್ತು, ಮಡಿಸಲು ಬರುತ್ತಿರಲಿಲ್ಲ. ಬಲಗೈಯನ್ನು ಅತ್ತ ಚಾಚಿದರೆ ಹೊಟ್ಟೆ ಸೀಳುವಂತಾಗುತ್ತಿತ್ತು. ಬೆವರು ಕಿವಿಯೊಳಗೆ ಇಳಿಯಿತು. ನಾನು ಸಾಯುತ್ತೇನೆ, ಇವರೆಲ್ಲ ನಗುತ್ತಿರುವಾಗಲೇ ಸಾಯುತ್ತೇನೆ ಅನ್ನುವುದು ಖಚಿತವಾಯಿತು. ಆಗ ಒಂದು ಉಪಾಯ ಹೊಳೆಯಿತು. ನನ್ನ ಹೊಟ್ಟೆಯ ಮಾತನ್ನು ಇವರು ನಂಬಬೇಕಾದರೆ, ನನಗೆ ತಮ್ಮನ ಮೇಲೆ ಉರಿ ಇಲ್ಲ ಅಂತ ಮೊದಲು ನಂಬಬೇಕು. ಅಂದರೆ ಅವನನ್ನು ಹೊಗಳಬೇಕು.

ನಿಮಗಿದು ಸುಲಭ ಅನ್ನಿಸಬಹುದು. ನಾನಂತೂ ಅದರ ಬದಲು ನನ್ನ ಕಾಲು ಕೇಳಿದ್ದರೆ ಕತ್ತರಿಸಿ ಕೊಡುತ್ತಿದ್ದೆ.

"ಚೆನ್ನಾಗಿದೆ," ಅಂದೆ.

ತಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಹತ್ತಿರ ಸರಿದ. ಅವನ ನಗು ನಿಂತಿತ್ತು. ನನ್ನ ಹಣೆಯ ಬೆವರನ್ನು ತನ್ನ ಕರ್ಚೀಫಿನಿಂದ ಒರೆಸಿದ. "ಏನು ಚೆನ್ನಾಗಿದೆ ಅಣ್ಣ?"

"ಕೋಟು."

"ಹೊಲಿಗೇನಾ?"

"ಕಟಿಂಗು." ಹಲ್ಲು ಕಚ್ಚಿಕೊಂಡಿದ್ದೆ, ನೋವಿಗೆ. "ಕ್ಲಿಪ್ಪು..."

"ಕ್ಲಿಪ್ ಇರಲಿ. ಕಟಿಂಗು ಹೇಗಿದೆ? ಯಾರ ಕಟಿಂಗಿನ ಥರ ಇದೆ?"

"ನನ್ನ ಥರ."

ಅವನು ನನ್ನ ಮುಖವನ್ನೇ ನೋಡಿದ. ಹ್ಯಾಂಗರಿನ ಪಕ್ಕ ನಿಂತು ನನ್ನ ಮುಖ ನೋಡುತ್ತಿದ್ದನಲ್ಲ, ಅದೇ ನೋಟ. ಯಂತ್ರ ಗುಂಯ್‌ಗುಡುತ್ತಿತ್ತು. "ನಿನ್ನ ಥರ ಅಷ್ಟೇನಾ?"

ಆಮೇಲೆ ನಾನು ಹೇಳಿದ್ದನ್ನು ವಾರ್ಡಿನವರೆಲ್ಲ ಕೇಳಿದ್ದಾರೆ, ಕಂಡಕ್ಟರ್ ಅಂತೂ ಇವತ್ತಿಗೂ ಅಂಗಡಿಗೆ ಬಂದಾಗ ಅಭಿನಯಿಸಿ ತೋರಿಸುತ್ತಾನೆ. "ನನಗಿಂತ ಚೆನ್ನಾಗಿ ಕತ್ತರಿಸಿದೀಯ. ನೀನೇ ಮಾಸ್ಟರು. ಕತ್ತರಿ ನೀನೇ ಇಟ್ಕೋ."

ಹೆಂಡತಿಯ ಮುಖ ಬೆಳ್ಳಗಾಯಿತು. ಸ್ಟೂಲು ಹಿಂದಕ್ಕೆ ಬಿತ್ತು. ಮದುವೆಯಾದಾಗಿನಿಂದ ನನ್ನ ಬಾಯಲ್ಲಿ ಒಬ್ಬರ ಬಗ್ಗೆಯೂ ಇಂಥ ಮಾತು ಕೇಳಿದವಳಲ್ಲ ಅವಳು. ನನ್ನ ಬೆವರಿಗೆ ಹೆದರಲಿಲ್ಲ, ನರಳಿದ್ದಕ್ಕೆ ಹೆದರಲಿಲ್ಲ, ಇದಕ್ಕೆ ಹೆದರಿದಳು. ಬರಿಗಾಲಲ್ಲಿ ವರಾಂಡಕ್ಕೆ ಓಡಿದಳು, ಅವಳ ಕೂಗು ನನಗೆ ಕೇಳಿಸುತ್ತಿತ್ತು.

"ಡಾಕ್ಟ್ರೇ, ಬೇಗ ಬನ್ನಿ. ಇವರು ತಮ್ಮನ್ನ ಹೊಗಳ್ತಿದಾರೆ. ಇವರಿಗೆ ಏನೋ ಆಗಿಹೋಗಿದೆ."

ತಮ್ಮ ಎದ್ದು, ಸಾವಕಾಶವಾಗಿ, ನೀಲಿ ಕ್ಲಿಪ್ಪನ್ನು ಒತ್ತಿದ.

ಮುಂದಿನದು ನನಗೆ ಬೇರೆಯವರು ಹೇಳಿದ್ದು. ಚರ್ಮಕ್ಕೆ ಹಾಕಿದ್ದ ಹೊಲಿಗೆ ಬಿಟ್ಟು, ಕೊಳವೆ ಹಿಂದಕ್ಕೆ ಜಾರಿ ಅದರ ತುದಿ ಕರುಳಿನಿಂದ ಹೊರಗೆ ಬಂದಿತ್ತು. ಬಿಳಿ ಊಟವೆಲ್ಲ ಹೋದದ್ದು ಕರುಳಿಗಲ್ಲ, ಹೊಟ್ಟೆಯ ಬಯಲಿಗೆ. ಅದೇ ಸಂಜೆ ಮತ್ತೆ ಕೊಯ್ದರು, ತೊಳೆದರು, ಹೊಸ ಕೊಳವೆ ಹಾಕಿದರು. ಮೊದಲ ಆಪರೇಷನ್ನಿನಿಂದ ಎದ್ದು ಕೂರಲು ನನಗೆ ಕೆಲವು ದಿನ ಸಾಕಾಗಿತ್ತು. ಎರಡನೆಯದರಿಂದ ತಲೆ ಎತ್ತುವುದಕ್ಕೇ ಋತು ಬದಲಾಯಿತು. ತಪ್ಪು ಊಟದ್ದಲ್ಲ, ಬೇಗ ಕೊಟ್ಟದ್ದೂ ತಪ್ಪಲ್ಲ, ಕೊಳವೆ ಜಾರುವುದು ಅಪರೂಪಕ್ಕೆ ಆಗುತ್ತದೆ ಅಂದರು ಡಾಕ್ಟರಮ್ಮ. ಉರಿ ಶುರುವಾದ ಕೂಡಲೇ ನಿಲ್ಲಿಸಿದ್ದರೆ ಇಷ್ಟು ಹರಡುತ್ತಿರಲಿಲ್ಲ ಅಂತಲೂ ಅಂದರು. ಹೊಸ ಕೊಳವೆಯಲ್ಲಿ ಮತ್ತೆ ಅದೇ ಊಟ ಶುರು ಮಾಡಿದರು, ಹೊಟ್ಟೆಗೆ ಹಿಡಿಸಿತು. ಹೆಂಡತಿ ಅತ್ತು ಅತ್ತು ಕಣ್ಣು ಊದಿಸಿಕೊಂಡಳು, ಅಂದಿನಿಂದ ನನ್ನ ಹೊಟ್ಟೆಯ ಸುದ್ದಿಗೆ ಮೈಯೆಲ್ಲ ಕಿವಿಯಾದಳು.

ಕೊಳವೆ, ಯಂತ್ರ ಸಮೇತ ಮನೆಗೆ ಕಳಿಸಿದರು. ಬಾಯಿಂದ ಚಮಚೆಯಷ್ಟು ಇಳಿಯುತ್ತಿತ್ತು, ಹೊಟ್ಟೆ ತುಂಬುವುದು ಮಾತ್ರ ಕೊಳವೆಯಿಂದಲೇ. ಮನೆ ಇರುವುದು ಅಂಗಡಿಯ ಮೇಲೆ. ಮಲಗಿದಲ್ಲಿಂದ ಕೆಳಗಿನ ಕತ್ತರಿಯ ಸದ್ದು ಕೇಳುತ್ತಿತ್ತು. ದಪ್ಪ ಬಟ್ಟೆಯ ಮೇಲೆ ಅದು ಒಮ್ಮೆಯೂ ತಡೆಯದೆ ಹೋಗುತ್ತಿತ್ತು. ಗಿರಾಕಿಗಳು ಅವನನ್ನು ಮಾಸ್ಟರೇ ಅನ್ನುತ್ತಿದ್ದರು. ಅಣ್ಣನೇ ಎಲ್ಲರೆದುರಿಗೆ ಒಪ್ಪಿಸಿಕೊಟ್ಟ ಮೇಲೆ ಬೇರೆ ಮಾತೆಲ್ಲಿ? ಸಾವಿನ ಬಾಯಲ್ಲಿದ್ದಾಗಲೂ ತಮ್ಮನನ್ನು ಹೊಗಳಿದ ಅಂತ ನನಗೂ ಒಂದಿಷ್ಟು ಒಳ್ಳೆಯ ಹೆಸರು ಬಂದಿತ್ತು. ಆ ಮಾತು ಕ್ಲಿಪ್ ಒತ್ತಿಸಿಕೊಳ್ಳಲಿಕ್ಕಾಗಿ ಆಡಿದ್ದು ಅಂತ ಈಗ ಹೇಳಿದರೆ, ನೋಡಿ ಮತ್ತೆ ಶುರುವಾಯಿತು ಇವನ ಉರಿ ಅನ್ನುತ್ತಾರೆ.

ಒಂದು ಮಧ್ಯಾಹ್ನ ತಮ್ಮ ಮೇಲೆ ಬಂದ. ಹೆಂಡತಿ ಯಂತ್ರಕ್ಕೆ ಬಿಳಿ ಊಟದ ಪೊಟ್ಟಣ ಜೋಡಿಸಿ ಅಡಿಗೆಮನೆಗೆ ಹೋಗಿದ್ದಳು. ಟೇಪು ಮಾಸ್ಟರ ಹಾಗೆ ಅವನ ಕೊರಳಲ್ಲಿತ್ತು, ಹೊಲಿಯುವವನ ಹಾಗೆ ಜೇಬಿನಲ್ಲಲ್ಲ. ಹೊದಿಕೆ ಸರಿ ಮಾಡಿದ. ಅಂಗಿ ಎತ್ತಿ ಕೊಳವೆಯ ಬುಡ ನೋಡಿದ.

"ಈ ಸಲ ಹೊಲಿಗೆ ಗಟ್ಟಿಯಾಗಿದೆ," ಅಂದ. ಆಮೇಲೆ, ಗಿರಾಕಿಗೆ ಅಳತೆ ಓದಿ ಹೇಳುವ ದನಿಯಲ್ಲಿ, "ಅವತ್ತಿಂದು ಬಿಟ್ಟುಹೋಗಿತ್ತು ಅಣ್ಣ. ಬಂದ ತಕ್ಷಣ ನೋಡಿದ್ದೆ. ದಾರ ನೇತಾಡ್ತಿತ್ತು. ನನ್ನ ಕಣ್ಣಿಗೆ ಬಿಟ್ಟ ಹೊಲಿಗೆ ಕಾಣದೆ ಇರುತ್ತಾ?"

ನಾನು ಅವನನ್ನೇ ನೋಡಿದೆ.

"ನಿನಗೆ ನಿಜವಾಗ್ಲೂ ಉರೀತಿದೆ ಅಂತಾನೂ ಗೊತ್ತಾಗಿತ್ತು. ಕ್ಲಿಪ್ ಒತ್ತೋಣ ಅಂತಿದ್ದೆ. ಅಷ್ಟರಲ್ಲಿ ನೀನು ಚೆನ್ನಾಗಿದೆ ಅಂದುಬಿಟ್ಟೆ." ಅಂಗಿಯನ್ನು ಇಳಿಸಿ ಮೆಲ್ಲಗೆ ತಟ್ಟಿದ. "ಇಷ್ಟು ವರ್ಷ ಕಾದಿದೀನಿ, ಪೂರ್ತಿ ಕೇಳಿಬಿಡೋಣ ಅನ್ನಿಸ್ತು. ಯಾರಿಗಾದ್ರೂ ಹೇಳೋದಿದ್ರೆ ಹೇಳು."

ನಕ್ಕನೋ ಇಲ್ಲವೋ ನನಗೆ ನೆನಪಿಲ್ಲ. ಎದೆಗೂಡಿನಲ್ಲಿ ಹುಟ್ಟಿದ್ದು ಮೇಲೆ ಹತ್ತಿ ಕಿವಿಯನ್ನು ಸುಟ್ಟಿತು. ಇಷ್ಟು ದೊಡ್ಡ ಉರಿಯನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಹೆಂಡತಿಯನ್ನು ಕೂಗಿದೆ. ಎಲ್ಲ ಹೇಳಿಬಿಡಬೇಕು ಅಂತಲೇ ಕೂಗಿದೆ. ಅವಳು ಬಾಗಿಲಲ್ಲಿ ಬಂದು ನಿಂತಾಗ ಬಾಯಿಗೆ ಬಂದದ್ದು ಒಂದೇ ಮಾತು.

"ಹೊಟ್ಟೆ ಉರೀತಿದೆ ಕಣೇ."

ಅವಳು ಕೈಯಲ್ಲಿದ್ದ ಪಾತ್ರೆಯನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಕ್ಲಿಪ್ ಒತ್ತಿದಳು. ಅಂಗಿ ಎತ್ತಿ ಹೊಟ್ಟೆಯ ಮೇಲೆಲ್ಲ ಬೆರಳೂರಿ ನೋಡಿದಳು, ಎಲ್ಲಿ ರೀ, ಎಲ್ಲಿ, ತೋರಿಸಿ ಅಂದಳು. ತಮ್ಮ ಇನ್ನೊಂದು ಪಕ್ಕದಿಂದ ಬಗ್ಗಿ, ಅತ್ತಿಗೆಗಿಂತ ಹೆಚ್ಚು ಗಾಬರಿಯಾದವನ ಹಾಗೆ, ಎಲ್ಲಿ ಅಣ್ಣ, ತೋರಿಸು ಅಂದ. ಬೆರಳು ಎತ್ತಿದೆ. ಅದನ್ನು ಅವನ ಕಡೆ ತೋರಿಸಬೇಕು ಅಂತಿದ್ದೆ, ಆದರೆ ಅವಳ ಕಣ್ಣು ನನ್ನ ಹೊಟ್ಟೆಯ ಮೇಲೇ ಇತ್ತು. ಕೊನೆಗೆ ಕೊಳವೆಯ ಪಕ್ಕ ಇಟ್ಟೆ.

ಅವಳು ಯಂತ್ರವನ್ನು ನಿಲ್ಲಿಸಿ ಪೊಟ್ಟಣವನ್ನು ಬಿಚ್ಚಿ ತೆಗೆದಳು. ತಮ್ಮ ಡಾಕ್ಟರಮ್ಮನಿಗೆ ಫೋನು ಮಾಡಿದ, ತಾವು ನೋಡುವ ತನಕ ಏನೂ ಕೊಡಬೇಡಿ ಅಂತ ಅವರು ಅಂದರಂತೆ. ಅವನು ಕೆಳಗೆ ಹೋದ, ಕತ್ತರಿಯ ಸದ್ದು ಮತ್ತೆ ಶುರುವಾಯಿತು. ಅವತ್ತು ನನಗೆ ಊಟ ತಪ್ಪಿತು.